ಮಗುವಿನ ಮೈಗೆ ಸೀಸ ಸೇರಿದಾಗ: ಮೊದಲ ಗಂಟೆಯಿಂದ ಮನೆಗೆ ಮರಳುವವರೆಗೆ

ಮೂರು ವರ್ಷದ ಆ ಹುಡುಗನನ್ನು ಅಜ್ಜಿ ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದರು. "ಹೊಟ್ಟೆನೋವು ಅಂತಾನೆ, ತಿಂದದ್ದೆಲ್ಲ ಕಕ್ತಾನೆ. ಜಂತುಹುಳದ ಔಷಧಿ ಎರಡು ಸಲ ಕುಡಿಸಿಯಾಯ್ತು ಮೇಡಂ" ಎಂದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ರಕ್ತ ಕಡಿಮೆಯಾಗಿದೆ ಎಂದು ಕಬ್ಬಿಣಾಂಶದ ಸಿರಪ್ ಬರೆದುಕೊಟ್ಟು ಕಳಿಸಿದೆ. ಹತ್ತು ದಿನ ಬಿಟ್ಟು ಮತ್ತೆ ಬಂದಾಗ ಹುಡುಗ ತೂರಾಡುತ್ತ ನಡೆಯುತ್ತಿದ್ದ, ಹೆಸರು ಹಿಡಿದು ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಹೊಟ್ಟೆಯ ಎಕ್ಸ್‌ರೇ ತೆಗೆಸಿದೆ. ಕರುಳಿನುದ್ದಕ್ಕೂ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಆಗ ಕೇಳಿದೆ: "ಇವನ ಅಪ್ಪ ಏನು ಕೆಲಸ ಮಾಡ್ತಾರಮ್ಮ?"

"ಹಳೇ ಬ್ಯಾಟರಿ ಒಡೆದು ಸೀಸ ಕರಗಿಸ್ತಾನೆ. ನಮ್ಮ ಹಿತ್ತಲಲ್ಲೇ."

ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಅದು. ಆ ಹತ್ತು ದಿನ ಇಂದಿಗೂ ನನ್ನನ್ನು ಕಾಡುತ್ತದೆ. ಇನ್ನೊಂದು ಮಗುವಿಗೆ ಹಾಗಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಅಮ್ಮಂದಿರಿಗೆ, ಆಶಾ ಕಾರ್ಯಕರ್ತೆಯರಿಗೆ, ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಪಾಳಿಯಲ್ಲಿರುವ ಎಳೆಯ ವೈದ್ಯರಿಗೆ ಇದು.

ಮೊದಲು ಅನುಮಾನ ಬರಬೇಕು

ಸೀಸದ ವಿಷಕ್ಕೆ ಅದರದೇ ಆದ ಮುಖವಿಲ್ಲ. ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ವಾಂತಿ, ಊಟ ಬೇಡವೆನ್ನುವುದು, ಕಾರಣವಿಲ್ಲದ ರಚ್ಚೆ, ಕಲಿತ ಮಾತು ಮರೆಯುವುದು, ಬಿಳಿಚಿಕೊಳ್ಳುವುದು, ಇವೆಲ್ಲ ಬೇರೆ ನೂರು ಕಾಯಿಲೆಯಲ್ಲೂ ಬರುತ್ತವೆ. ವಿಷ ತಲೆಗೇರಿದಾಗ ಮಂಪರು, ತೂರಾಟ, ಪದೇ ಪದೇ ವಾಂತಿ, ಫಿಟ್ಸ್, ಕೊನೆಗೆ ಎಚ್ಚರ ತಪ್ಪುವುದು. ಜ್ವರವಿಲ್ಲದೆ ಫಿಟ್ಸ್ ಬಂದ, ರಕ್ತ ಕಡಿಮೆಯಿರುವ, ಮಣ್ಣು ತಿನ್ನುವ ಚಟವಿರುವ ಮಗು ಎದುರಿಗಿದ್ದರೆ ಸೀಸವನ್ನು ನೆನಪಿಸಿಕೊಳ್ಳಲೇಬೇಕು.

ನೆನಪಿಸಿಕೊಳ್ಳದಿದ್ದರೆ ಏನಾಗುತ್ತದೆ ಎನ್ನುವುದನ್ನು ನೈಜೀರಿಯಾದ ವಾಯವ್ಯ ಮೂಲೆಯ ಜಂಫಾರಾ ರಾಜ್ಯ ತೋರಿಸಿಕೊಟ್ಟಿದೆ. 2010ರ ಆರಂಭದಲ್ಲಿ ಅಲ್ಲಿನ ಯಾರ್ಗಲ್ಮಾ, ದಾರೆಟಾ ಮುಂತಾದ ಹಳ್ಳಿಗಳಲ್ಲಿ ಮಕ್ಕಳು ಫಿಟ್ಸ್ ಬಂದು ಸಾಯುತ್ತಿದ್ದರು. ಮಲೇರಿಯಾ ಇರಬೇಕೆಂದು ಜನ ತಿಳಿದಿದ್ದರು. 'ಗಡಿಗಳಾಚೆಗಿನ ವೈದ್ಯರು' ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ತಂಡ ರಕ್ತ ಪರೀಕ್ಷೆ ಮಾಡಿಸಿದಾಗ ಸೀಸ ಸಿಕ್ಕಿತು. ಚಿನ್ನದ ಆಸೆಗೆ ಜನ ಬಂಡೆ ಒಡೆದು ತಂದು ಮನೆಯಂಗಳದಲ್ಲೇ ಪುಡಿ ಮಾಡುತ್ತಿದ್ದರು, ಹಿಟ್ಟಿನ ಗಿರಣಿಯಲ್ಲೇ ಬೀಸುತ್ತಿದ್ದರು. ಆ ಅದಿರಿನಲ್ಲಿ ಚಿನ್ನಕ್ಕಿಂತ ಎಷ್ಟೋ ಪಾಲು ಹೆಚ್ಚು ಸೀಸವಿತ್ತು. ಎರಡು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ 463 ಮಕ್ಕಳಲ್ಲಿ 118 ಮಕ್ಕಳು ಒಂದೇ ವರ್ಷದಲ್ಲಿ ತೀರಿಕೊಂಡಿದ್ದರು. ಬದುಕಿದ್ದವರಲ್ಲಿ ಪರೀಕ್ಷೆಗೊಳಗಾದ 204 ಮಕ್ಕಳ ಪೈಕಿ 198 ಮಕ್ಕಳಿಗೆ ತಕ್ಷಣ ಔಷಧ ಕೊಡಬೇಕಾದಷ್ಟು ಸೀಸ ರಕ್ತದಲ್ಲಿತ್ತು.

ಹಾಗಾಗಿ ಮನೆಯ ಸುತ್ತ ಏನಿದೆ ಎಂದು ಕೇಳಿ. ಹಳೆ ಬ್ಯಾಟರಿ ಒಡೆಯುವುದು, ಗುಜರಿ ಕೆಲಸ, ಬೆಸುಗೆ, ಕಲಾಯಿ ಹಾಕುವುದು, ಹಳೆ ಬಣ್ಣ ಕೆರೆಯುವುದು ಇದೆಯೇ? ಕರಾವಳಿಯಲ್ಲಾದರೆ ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಮಗು ಬಾಯಿಗೆ ಹಾಕಿಕೊಳ್ಳುತ್ತದೆಯೇ? ಕಣ್ಣಿಗೆ ಹಚ್ಚುವ ಸುರ್ಮಾ ಎಲ್ಲಿಯದು? ಕೆಲವು ಸುರ್ಮಾಗಳು ಬಹುಪಾಲು ಸೀಸದ ಅದಿರಿನ ಪುಡಿಯೇ. ಕೆಂಪು ಸಿಂಧೂರದಲ್ಲಿ ಸೀಸದ ಆಕ್ಸೈಡ್ ಬೆರೆಸುವುದುಂಟು, ಬಣ್ಣ ಎದ್ದು ಕಾಣಲೆಂದು ಅರಿಸಿನಕ್ಕೆ ಸೀಸದ ಕ್ರೋಮೇಟ್ ಸೇರಿಸಿದ್ದೂ ಉಂಟು. ನಾಗಭಸ್ಮ ಎಂಬ ಹೆಸರಿನಲ್ಲಿ ನಾಗವೆಂದರೆ ಸೀಸವೇ, ಅದಿರುವ ಔಷಧಿಯನ್ನು ಮಗುವಿಗೆ ಕೊಡುತ್ತಿದ್ದರೆ ಮುಚ್ಚಿಡದೆ ಹೇಳಿ. ನಿಮ್ಮನ್ನು ಬೈಯುವುದಕ್ಕಲ್ಲ ನಾವು ಕೇಳುವುದು. ಮೂಲ ಗೊತ್ತಾಗದೆ ಈ ಕಾಯಿಲೆಗೆ ಚಿಕಿತ್ಸೆಯೇ ಇಲ್ಲ.

ಆಸ್ಪತ್ರೆಗೆ ಹೊರಡುವ ಮುನ್ನ

ಮಗು ಸೀಸದ ಗುಂಡನ್ನೋ, ತಾಯತವನ್ನೋ, ಲೋಹದ ಆಟಿಕೆಯ ಚೂರನ್ನೋ ನುಂಗಿದ್ದು ಕಂಡರೆ ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆಹುಳಿ ನೀರು, ಹರಳೆಣ್ಣೆ ಯಾವುದೂ ಬೇಡ. "ಮಲದಲ್ಲಿ ಹೋಗುತ್ತೆ ಬಿಡಿ" ಎಂದು ಕಾಯುತ್ತ ಕೂರಲೂಬೇಡಿ. ಹೊಟ್ಟೆಯ ಆಮ್ಲದಲ್ಲಿ ಸೀಸ ಕರಗುತ್ತ ಹೋಗುತ್ತದೆ. 2006ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಹೃದಯದಾಕಾರದ ಸಣ್ಣ ಪದಕವೊಂದನ್ನು ನುಂಗಿ ತೀರಿಕೊಂಡ. ಆ ಪದಕದಲ್ಲಿ ನೂರಕ್ಕೆ 99 ಭಾಗ ಸೀಸವೇ ಇತ್ತು. ವಾಂತಿಗೆಂದು ಕರೆತಂದಾಗ ಹೊಟ್ಟೆಯ ಸೋಂಕೆಂದು ತಿಳಿದು ಮನೆಗೆ ಕಳಿಸಿದ್ದರು. ಎಕ್ಸ್‌ರೇ ತೆಗೆಸಿದರೆ ಕಾಣುವ ವಸ್ತು ಅದು. ಹೊಟ್ಟೆಯಲ್ಲಿದ್ದಾಗಲೇ ಎಂಡೋಸ್ಕೋಪಿ ಮಾಡಿ ತೆಗೆದುಬಿಡಬಹುದು.

ಫಿಟ್ಸ್ ಬರುತ್ತಿದ್ದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು, ಚಮಚ ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣದ ಕೀಲಿಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಆಗದು, ಸಮಯ ಹೋಗುತ್ತದೆ ಅಷ್ಟೆ. 108ಕ್ಕೆ ಕರೆ ಮಾಡಿ. ಮಂಪರು ಇರುವ ಮಗುವಿಗೆ ಕುಡಿಯಲು ಏನೂ ಕೊಡಬಾರದು.

ಇನ್ನೊಂದು ಕೆಲಸ ಮನೆಯವರು ಮಾತ್ರ ಮಾಡಬಲ್ಲರು. ಅನುಮಾನವಿರುವ ವಸ್ತುವನ್ನು, ಅದು ಅರಿಸಿನದ ಪೊಟ್ಟಣವಿರಲಿ, ಸುರ್ಮಾ ಡಬ್ಬಿಯಿರಲಿ, ಔಷಧಿಯ ಶೀಶೆಯಿರಲಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೆ ತನ್ನಿ. ಮಗುವಿನ ಬಟ್ಟೆ ಬದಲಿಸಿ, ಕೈಮುಖಗಳನ್ನು ಸಾಬೂನಿನಿಂದ ತೊಳೆದು ಕರೆತನ್ನಿ. ಬ್ಯಾಟರಿ ಕೆಲಸದ ಅಂಗಿ ತೊಟ್ಟವರು ಮಗುವನ್ನು ಎತ್ತಿಕೊಳ್ಳಬಾರದು.

ಪರೀಕ್ಷೆ

ರೋಗ ಖಚಿತವಾಗುವುದು ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸೀಸದ ಮಟ್ಟ ಅಳೆದಾಗ. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಚರ್ಮದ ಮೇಲಿನ ಧೂಳು ಸೇರಿ ಅಂಕಿ ತಪ್ಪಾಗಿ ಏರಬಹುದು, ಅದಕ್ಕೇ ಆ ಫಲಿತಾಂಶ ಹೆಚ್ಚು ಬಂದರೆ ರಕ್ತನಾಳದ ರಕ್ತದಿಂದ ಮತ್ತೆ ನೋಡಬೇಕು. ಲೋಹದ ಅಂಶಗಳ ಪರೀಕ್ಷೆಗೆಂದೇ ಇರುವ ಟ್ಯೂಬಿನಲ್ಲಿ ರಕ್ತ ಸಂಗ್ರಹಿಸಬೇಕು. ಜೊತೆಗೆ ಹಿಮೋಗ್ಲೋಬಿನ್, ಕಬ್ಬಿಣಾಂಶ, ಕ್ಯಾಲ್ಸಿಯಂ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಹೊಟ್ಟೆಯ ಎಕ್ಸ್‌ರೇ. ಮಂಡಿಯ ಎಕ್ಸ್‌ರೇಯಲ್ಲಿ ಮೂಳೆಯ ತುದಿಗೆ ದಟ್ಟ ಬಿಳಿ ಪಟ್ಟಿ ಕಂಡರೆ ಸೀಸ ತಿಂಗಳುಗಳಿಂದ ಸೇರುತ್ತಿದೆ ಎಂದರ್ಥ. ನನ್ನ ಹುಡುಗನ ಮಂಡಿಯಲ್ಲೂ ಆ ಪಟ್ಟಿಯಿತ್ತು.

ಎಳೆಯ ವೈದ್ಯರಿಗೆ ಎರಡು ಮಾತು. ತಲೆಗೇರಿದ ಲಕ್ಷಣವಿದ್ದರೆ ವರದಿಗಾಗಿ ಕಾಯಬೇಡಿ, ನಮ್ಮಲ್ಲಿ ಆ ವರದಿ ಬರಲು ದಿನಗಳೇ ಹಿಡಿಯಬಹುದು. ರಕ್ತ ತೆಗೆದಿಟ್ಟು ಚಿಕಿತ್ಸೆ ಶುರು ಮಾಡಿ. ಮೆದುಳು ಜ್ವರವಿರಬಹುದೆಂದು ಆತುರಪಟ್ಟು ಬೆನ್ನುಹುರಿಯ ನೀರು ತೆಗೆಯಲೂಬೇಡಿ. ಸೀಸದಿಂದ ಮೆದುಳು ಊದಿಕೊಂಡಿರುತ್ತದೆ, ಆ ಸೂಜಿಯಿಂದಲೇ ಮೆದುಳು ಕೆಳಕ್ಕೆ ಜಾರಿ ಪ್ರಾಣ ಹೋಗಬಹುದು. ದಾರಿ ತೋಚದಿದ್ದರೆ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117 ಎಂಬ ಉಚಿತ ಸಂಖ್ಯೆಯಲ್ಲಿ ಕರೆ ಮಾಡಿ ಕೇಳಿ.

ಅಂಕಿಯನ್ನು ಹೇಗೆ ಓದಬೇಕು? ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮೈಕ್ರೋಗ್ರಾಂ ಎಂದು ವರದಿಯಲ್ಲಿ ಬರೆದಿರುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಸೀಸಕ್ಕಿಲ್ಲ. 5 ಅಥವಾ ಹೆಚ್ಚು ಬಂದರೆ ಮೂಲ ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಹತ್ತು ವರ್ಷದೊಳಗಿನ ಮಗುವಿಗೆ 45 ಮುಟ್ಟಿದರೆ ಸೀಸವನ್ನು ಹೊರಗೆಳೆಯುವ ಔಷಧ ಬೇಕು. 70 ದಾಟಿದರೆ ಮಗು ಆಟವಾಡುತ್ತಿದ್ದರೂ ಅದು ತುರ್ತು ಸ್ಥಿತಿ, ದಾಖಲಿಸಿಕೊಳ್ಳಬೇಕು. ಜಂಫಾರಾದ ಕೆಲವು ಮಕ್ಕಳಲ್ಲಿ ಈ ಅಂಕಿ 700ರ ಆಸುಪಾಸಿಗೂ ಹೋಗಿತ್ತು.

ವಾರ್ಡಿನಲ್ಲಿ ನಡೆಯುವುದು

ಮೊದಲು ಉಸಿರು, ಆಮೇಲೆ ಫಿಟ್ಸ್, ಆಮೇಲೆ ಕರುಳು. ಫಿಟ್ಸ್ ನಿಲ್ಲಿಸಲು ಮಿಡಜೋಲಮ್‌ನಂಥ ಔಷಧ. ಡ್ರಿಪ್ ಅನ್ನು ಅಳೆದು ಕೊಡಬೇಕು, ನೀರು ಹೆಚ್ಚಾದರೆ ಮೆದುಳಿನ ಊತವೂ ಹೆಚ್ಚುತ್ತದೆ, ಕಡಿಮೆಯಾದರೆ ಮೂತ್ರ ನಿಂತು ಸೀಸ ಹೊರಹೋಗುವ ದಾರಿಯೇ ಮುಚ್ಚುತ್ತದೆ. ಎಕ್ಸ್‌ರೇಯಲ್ಲಿ ಕರುಳಿನ ತುಂಬ ಚುಕ್ಕೆಗಳಿದ್ದರೆ ಮೂಗಿನ ನಳಿಕೆಯ ಮೂಲಕ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಹರಿಸಿ ಇಡೀ ಕರುಳನ್ನು ತೊಳೆಯುತ್ತಾರೆ. ಮಲ ತಿಳಿನೀರಾಗಿ ಬರುವವರೆಗೆ ಇದು ನಡೆಯುತ್ತದೆ. ನೋಡಲು ಮನೆಯವರಿಗೆ ಸಂಕಟವಾಗುತ್ತದೆ, ನಮಗೂ ಆಗುತ್ತದೆ. ಆದರೆ ಕರುಳಿನಲ್ಲಿ ಸೀಸ ಉಳಿದಿರುವಾಗ ಬರೀ ಔಷಧ ಕೊಡುತ್ತ ಹೋದರೆ, ಒಂದು ಕಡೆ ತೋಡಿದಷ್ಟೂ ಇನ್ನೊಂದು ಕಡೆ ಒಸರುವ ಬಾವಿಯಂತಾಗುತ್ತದೆ. ಇದ್ದಿಲಿನ ಪುಡಿ ಸೀಸವನ್ನು ಹಿಡಿಯುವುದಿಲ್ಲ, ಅದನ್ನು ಕುಡಿಸಿ ಪ್ರಯೋಜನವಿಲ್ಲ.

ಇನ್ನು ಕೀಲೇಶನ್. ರಕ್ತದಲ್ಲಿರುವ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಗಳ ಚಿಕಿತ್ಸೆಗೆ ಆ ಹೆಸರು.

ಮಂಪರು, ಫಿಟ್ಸ್ ಇರುವ ಮಗುವಿಗೆ ಎರಡು ಔಷಧ ಬೇಕು, ಅನುಕ್ರಮ ತಪ್ಪಬಾರದು. ಮೊದಲು ಡೈಮರ್ಕಾಪ್ರಾಲ್, ಸ್ನಾಯುವಿಗೆ ಚುಚ್ಚುಮದ್ದು, ನಾಲ್ಕು ಗಂಟೆಗೊಮ್ಮೆ. ಮೊದಲ ಚುಚ್ಚುಮದ್ದು ಕೊಟ್ಟು ನಾಲ್ಕು ಗಂಟೆಯಾಗಿ, ಮೂತ್ರ ಸರಿಯಾಗಿ ಬರುತ್ತಿದೆ ಎಂದು ಖಾತ್ರಿಯಾದ ಮೇಲೆ ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎಯನ್ನು ರಕ್ತನಾಳಕ್ಕೆ ನಿಧಾನವಾಗಿ ಹರಿಸುತ್ತಾರೆ. ಇಡಿಟಿಎ ಒಂದನ್ನೇ ಮೊದಲು ಕೊಟ್ಟರೆ ಮೆದುಳಿನ ಸ್ಥಿತಿ ಇನ್ನಷ್ಟು ಹದಗೆಡಬಹುದು. ಡೈಮರ್ಕಾಪ್ರಾಲ್ ಅನ್ನು ಕಡಲೆಕಾಯಿ ಎಣ್ಣೆಯಲ್ಲಿ ಕರಗಿಸಿರುತ್ತಾರೆ, ಮಗುವಿಗೆ ಕಡಲೆಕಾಯಿ ಒಗ್ಗುವುದಿಲ್ಲವೆಂದು ಗೊತ್ತಿದ್ದರೆ ಆಗಲೇ ಹೇಳಿಬಿಡಿ. ಅದನ್ನು ಕೊಡುವ ದಿನಗಳಲ್ಲಿ ಕಬ್ಬಿಣಾಂಶದ ಸಿರಪ್ ನಿಲ್ಲಿಸಬೇಕು, ಎರಡೂ ಸೇರಿ ವಿಷವಾಗುತ್ತವೆ. ನಾನು ಬರೆದುಕೊಟ್ಟಿದ್ದ ಸಿರಪ್ಪನ್ನು ನಾನೇ ನಿಲ್ಲಿಸಿದೆ.

ಇಲ್ಲೊಂದು ಹೆಸರಿನ ಅಪಾಯವಿದೆ, ಎಷ್ಟು ಸಲ ಹೇಳಿದರೂ ಸಾಲದು. ಬೇಕಾದದ್ದು ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ. ಅದರ ಪಕ್ಕದಲ್ಲೇ ಬರೀ ಡೈಸೋಡಿಯಂ ಇಡಿಟಿಎ ಎನ್ನುವ ಇನ್ನೊಂದು ಸೀಸೆ ಇರಬಹುದು. ಅದು ರಕ್ತದ ಕ್ಯಾಲ್ಸಿಯಂ ಅನ್ನು ಹೀರಿಬಿಡುತ್ತದೆ, ಹೃದಯ ನಿಲ್ಲುತ್ತದೆ. 2005ರಲ್ಲಿ ಅಮೆರಿಕದಲ್ಲಿ ಇಬ್ಬರು ಮಕ್ಕಳು ಹಾಗೆಯೇ ಸತ್ತರು. ಸೂಚನೆ ಬರೆಯುವಾಗ ಸಂಕ್ಷಿಪ್ತಾಕ್ಷರ ಬೇಡ, ಪೂರ್ತಿ ಹೆಸರು ಬರೆಯಿರಿ. ಸೀಸೆಯ ಮೇಲಿನ ಚೀಟಿಯನ್ನು ಇಬ್ಬರು ಗಟ್ಟಿಯಾಗಿ ಓದಿದ ಮೇಲೇ ಔಷಧ ಎಳೆದುಕೊಳ್ಳಲಿ.

ಎಚ್ಚರವಾಗಿದ್ದು, ವಾಂತಿಯಿಲ್ಲದ, 45ರಿಂದ 69ರ ನಡುವಿನ ಮಗುವಿಗೆ ಬಾಯಿಂದ ಕೊಡುವ ಸಕ್ಸಿಮರ್ ಸಾಕಾಗುತ್ತದೆ. ಮಗುವಿನ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಂತೆ ಎಂಟು ಗಂಟೆಗೊಮ್ಮೆ ಐದು ದಿನ, ಆಮೇಲೆ ಅದೇ ಪ್ರಮಾಣ ಹನ್ನೆರಡು ಗಂಟೆಗೊಮ್ಮೆ ಹದಿನಾಲ್ಕು ದಿನ, ಒಟ್ಟು 19 ದಿನ. ಮಗುವಿನ ಸ್ಥಿತಿ ನೋಡಿ ವೈದ್ಯರು ಇದನ್ನು ಹೊಂದಿಸುತ್ತಾರೆ, ಮನೆಯಲ್ಲಿ ನೀವಾಗಿ ಲೆಕ್ಕ ಹಾಕಿ ಕೊಡುವ ಔಷಧವಲ್ಲ. ಗಂಧಕದ ಅಂಶವಿರುವುದರಿಂದ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಔಷಧಿ ಕೆಟ್ಟಿದೆ ಎಂದು ಎಸೆಯಬೇಡಿ. ಗುಳಿಗೆ ಬಿಡಿಸಿ ಒಂದು ಚಮಚ ಬಾಳೆಹಣ್ಣಿನ ರಸಾಯನದಲ್ಲಿ ಕಲಸಿ ಕೊಟ್ಟರೆ ನುಂಗುತ್ತವೆ. ನಡುನಡುವೆ ಬಿಳಿ ರಕ್ತಕಣ, ಯಕೃತ್ತಿನ ಪರೀಕ್ಷೆ ನಡೆಯಬೇಕು. ಈ ಔಷಧಗಳು ಎಲ್ಲ ಊರುಗಳಲ್ಲೂ ಸುಲಭವಾಗಿ ಸಿಗುವುದಿಲ್ಲ. ಆಗ ಕೆಲವೊಮ್ಮೆ ಡಿ-ಪೆನಿಸಿಲಮಿನ್ ಬಳಸುತ್ತಾರೆ, ಅಡ್ಡಪರಿಣಾಮ ಹೆಚ್ಚು, ಆದ್ದರಿಂದ ಅದು ನನಗೆ ಕೊನೆಯ ಆಯ್ಕೆ. ಮಗು ಪ್ರಯಾಣ ತಾಳಿಕೊಳ್ಳುವ ಸ್ಥಿತಿಯಲ್ಲಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸುವುದೇ ಮೇಲು.

ಮನೆ ತೊಳೆಯದೆ ಮಗುವನ್ನು ಮನೆಗೆ ಕಳಿಸಬಾರದು

ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ ಇದು, ನನಗೆ ಔಷಧಕ್ಕಿಂತ ದೊಡ್ಡದಾಗಿ ಕಾಣುವುದೂ ಇದೇ. ಜಂಫಾರಾದಲ್ಲಿ ವೈದ್ಯರು ಒಂದು ಕಠಿಣ ನಿಯಮ ಹಾಕಿಕೊಂಡರು: ಅಂಗಳದ ಮಣ್ಣು ತೆಗೆಯದೆ ಆ ಹಳ್ಳಿಯಲ್ಲಿ ಕೀಲೇಶನ್ ಶುರು ಮಾಡುವುದಿಲ್ಲ. ಚಿಕಿತ್ಸೆ ಪಡೆದ ಮಗು ಅದೇ ಧೂಳಿಗೆ ಮರಳಿದರೆ ವಿಷ ಮತ್ತೆ ಏರುತ್ತದೆ. ಒಂದೊಂದೇ ಹಳ್ಳಿಯಲ್ಲಿ ಮೇಲ್ಮಣ್ಣು ಕೆರೆದು ದೂರದಲ್ಲಿ ಹೂತು, ಒಳ್ಳೆ ಮಣ್ಣು ತಂದು ಹರಡಿದರು. ಬಾಗೆಗಾ ಎಂಬ ದೊಡ್ಡ ಊರಿಗೆ ಹಣ ಬರುವುದು ತಡವಾಗಿ, ಆ ಕೆಲಸ 2013ರವರೆಗೆ ಎಳೆಯಿತು. ಔಷಧ ಕೈಯಲ್ಲಿದ್ದರೂ ಅಲ್ಲಿನ ಮಕ್ಕಳು ಅಷ್ಟು ಕಾಲ ಕಾದರು. ಆ ಕಾಯುವಿಕೆಯನ್ನು ನೆನೆದರೆ ಹೊಟ್ಟೆ ತೊಳಸುತ್ತದೆ, ಆದರೂ ವೈದ್ಯರ ತೀರ್ಮಾನ ಸರಿಯೆಂದೇ ನಾನು ನಂಬಿದ್ದೇನೆ. ಸೆನೆಗಲ್ ದೇಶದ ಡಾಕರ್ ಬಳಿಯ ಥಿಯಾರೋಯ್‌ನಲ್ಲಿ 2007ರ ನವೆಂಬರಿನಿಂದ 2008ರ ಮಾರ್ಚ್‌ವರೆಗೆ 18 ಮಕ್ಕಳು ಸತ್ತದ್ದು ನಮ್ಮ ಹಿತ್ತಲುಗಳಲ್ಲಿ ನಡೆಯುವಂಥದ್ದೇ ಹಳೆ ಬ್ಯಾಟರಿಯ ಕೆಲಸದಿಂದ.

ಮನೆಯಲ್ಲಿ ಮಾಡಬೇಕಾದ್ದು ಹೀಗೆ. ಕರಗಿಸುವ ಕೆಲಸ ಆ ಅಂಗಳದಲ್ಲಿ ಅಂದೇ ನಿಲ್ಲಬೇಕು. ಮನೆ ಶುಚಿಯಾಗುವವರೆಗೆ ಮಗುವನ್ನು ಬೇರೆ ಮನೆಯಲ್ಲಿಡಿ, ಅಜ್ಜನ ಮನೆಯೋ ಚಿಕ್ಕಮ್ಮನ ಮನೆಯೋ. ಪೊರಕೆ ಹಿಡಿದು ಗುಡಿಸಬೇಡಿ, ಧೂಳೆದ್ದು ಇನ್ನಷ್ಟು ಹರಡುತ್ತದೆ. ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ನೆಲ, ಕಿಟಕಿಯ ಸಂದು, ಕಪಾಟಿನ ಮೇಲ್ಭಾಗ ಒರೆಸಿ, ಬಟ್ಟೆ ತೊಳೆದು ಮತ್ತೊಮ್ಮೆ ಒರೆಸಿ. ಚಾಪೆ, ಕಂಬಳಿ, ಮಗುವಿನ ಹಾಸಿಗೆ ಒಗೆಯಲಾಗದಿದ್ದರೆ ಎಸೆಯಿರಿ. ಗರ್ಭಿಣಿಯರು, ಮಕ್ಕಳು ಈ ಕೆಲಸದ ಹತ್ತಿರವೂ ಬರಬಾರದು. ಕೆಲಸದ ಬಟ್ಟೆ, ಚಪ್ಪಲಿ ಕೆಲಸದ ಜಾಗದಲ್ಲೇ ಬಿಟ್ಟು, ಅಲ್ಲೇ ಸ್ನಾನ ಮಾಡಿ ಮನೆಗೆ ಬರಬೇಕು. ಕೆಟ್ಟ ಮಣ್ಣನ್ನು ಪಕ್ಕದ ಖಾಲಿ ಸೈಟಿಗೆ ಸುರಿಯುವುದಲ್ಲ, ಪಂಚಾಯಿತಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಗಮನಕ್ಕೆ ತನ್ನಿ.

ಮೂಲ ಹಳೆ ಬಣ್ಣವಾದರೆ ಒಣಗಿದಂತೆಯೇ ಉಜ್ಜುಕಾಗದ ಹಾಕಬೇಡಿ, ನೆನೆಸಿ ಕೆರೆಯಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಾಗಿಲು, ಕಿಟಕಿಗಳನ್ನು ಅನುಮಾನದಿಂದಲೇ ನೋಡಿ. ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವೇ ಇರಲಿ ಎಂದು ಪಟ್ಟು ಹಿಡಿಯಿರಿ, ಹುಳಿಸಾರು ಕುದಿಯುವ ಪಾತ್ರೆಯಲ್ಲಿ ಸೀಸ ಬೇಗ ಬಿಡುತ್ತದೆ. ನೀರನ್ನು ಕಾಯಿಸಿದರೆ ಸೀಸ ಹೋಗುವುದಿಲ್ಲ.

ಪೆಟ್ರೋಲಿನಿಂದ ಸೀಸ ಹೋಗಿದೆಯಲ್ಲ, ಇನ್ನೇಕೆ ಭಯ ಎಂದು ಕೇಳುವವರಿದ್ದಾರೆ. ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಗೆ ಬೆಂಗಳೂರೂ ಸೇರಿ ನಮ್ಮ ದೊಡ್ಡ ನಗರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ದಾಟಿತ್ತು. ಆ ಕೆಲಸದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಅವರ ಪಾತ್ರ ದೊಡ್ಡದು. 2000ದಲ್ಲಿ ಸೀಸಯುಕ್ತ ಪೆಟ್ರೋಲ್ ನಿಂತಿತು, ಗಾಳಿ ತಿಳಿಯಾಯಿತು. ಹಿತ್ತಲಿನ ಕುಲುಮೆ ಮಾತ್ರ ನಿಲ್ಲಲಿಲ್ಲ.

ಊಟ

ಮಕ್ಕಳ ಕರುಳು ದೊಡ್ಡವರ ಕರುಳಿಗಿಂತ ನಾಲ್ಕೈದು ಪಟ್ಟು ಸೀಸವನ್ನು ಹೀರಿಕೊಳ್ಳುತ್ತದೆ. ಹೊಟ್ಟೆ ಖಾಲಿಯಿದ್ದರೆ, ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು. ರಾಗಿ ಅಂಬಲಿ, ಹಾಲು, ಮೊಸರು, ನುಗ್ಗೆಸೊಪ್ಪು, ಕಾಳು, ಮೊಟ್ಟೆ, ಜೊತೆಗೆ ನೆಲ್ಲಿಕಾಯಿಯೋ ಸೀಬೆಹಣ್ಣೋ ಇರಲಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ. ಇವು ಹೊಸ ಸೀಸ ಒಳಗಿಳಿಯುವುದನ್ನು ತಗ್ಗಿಸುತ್ತವೆ. ಒಳಗಿರುವುದನ್ನು ಹೊರಗೆಳೆಯುವ ಶಕ್ತಿ ಯಾವ ಕಷಾಯಕ್ಕೂ ಇಲ್ಲ. ಹಾಗೆಂದು ಮಾರುವವರನ್ನು ನಂಬಬೇಡಿ.

ಮತ್ತೆ ಮತ್ತೆ ಬರಬೇಕು

ಔಷಧದ ಸುತ್ತು ಮುಗಿದಾಗ ಅಂಕಿ ಇಳಿದಿರುತ್ತದೆ, ಮನೆಯವರ ಮುಖ ಅರಳುತ್ತದೆ. ಎರಡು ಮೂರು ವಾರ ಬಿಟ್ಟು ನೋಡಿದರೆ ಮತ್ತೆ ಏರಿರುತ್ತದೆ. ಚಿಕಿತ್ಸೆ ಸೋತಿತೆಂದಲ್ಲ. ಸೀಸ ಕ್ಯಾಲ್ಸಿಯಂನ ವೇಷ ಹಾಕಿ ಮೂಳೆಯೊಳಗೆ ಕೂತಿರುತ್ತದೆ, ರಕ್ತದಲ್ಲಿನ ಸೀಸ ಖಾಲಿಯಾದಾಗ ಅಲ್ಲಿಂದ ಇಳಿದು ಬರುತ್ತದೆ. ಜಂಫಾರಾದಲ್ಲಿ 1,156 ಮಕ್ಕಳಿಗೆ 3,180 ಸುತ್ತು ಔಷಧ ಬೇಕಾಯಿತು ಎನ್ನುವುದನ್ನು ನೆನಪಿಡಿ. ಸುತ್ತು ಮುಗಿದ ಎರಡರಿಂದ ನಾಲ್ಕು ವಾರದಲ್ಲಿ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಮಟ್ಟ ಇಳಿದು ನಿಂತ ಮೇಲೆ ಮೂರು ತಿಂಗಳಿಗೊಮ್ಮೆ ರಕ್ತ ನೋಡಿಸಬೇಕು. ಇಳಿದಿದ್ದ ಅಂಕಿ ಮೊದಲಿಗಿಂತಲೂ ಮೇಲೆ ಹೋದರೆ ಮೂಳೆಯನ್ನು ದೂರಬೇಡಿ, ಮನೆಯಲ್ಲಿ ಇನ್ನೂ ಮೂಲ ಉಳಿದಿದೆ, ಹುಡುಕಿ.

ಮಾತು, ನಡಿಗೆ, ಕಿವಿ, ಗಮನ ಇವನ್ನು ಶಾಲೆ ಸೇರಿದ ಮೇಲೂ ನೋಡುತ್ತಿರಬೇಕು. ಕೀಲೇಶನ್ ಪ್ರಾಣ ಉಳಿಸುತ್ತದೆ, ಮೆದುಳಿಗೆ ಆಗಿಹೋದ ಪೆಟ್ಟನ್ನು ಪೂರ್ತಿ ಅಳಿಸುವುದಿಲ್ಲ. ಬೇಗ ಗುರುತಿಸಿದರೆ ಸ್ಪೀಚ್ ಥೆರಪಿ, ಕಲಿಕೆಯ ನೆರವಿನಿಂದ ಬಹಳಷ್ಟು ಸಾಧಿಸಬಹುದು. ಅಂಗನವಾಡಿ ಕಾರ್ಯಕರ್ತೆಗೂ ವಿಷಯ ತಿಳಿಸಿಡಿ.

ಮನೆಯ ಉಳಿದ ಮಕ್ಕಳ ರಕ್ತವನ್ನೂ ಅದೇ ವಾರ ಕಳಿಸಿ, ಅವರು ಆರೋಗ್ಯವಾಗಿ ಕಂಡರೂ ಸರಿ. ತಾಯಿ ಗರ್ಭಿಣಿಯಾಗಿದ್ದರೆ ಅವಳದ್ದೂ. ಆ ಹುಡುಗನ ಮನೆಯಲ್ಲಿ ಓಡಾಡಿಕೊಂಡಿದ್ದ ಏಳು ವರ್ಷದ ಅಕ್ಕನ ಅಂಕಿ 52 ಬಂತು. ತಮ್ಮನ ಪಕ್ಕದ ಹಾಸಿಗೆಯಲ್ಲಿ ಅವಳೂ 19 ದಿನದ ಸಕ್ಸಿಮರ್ ಶುರು ಮಾಡಿದಳು. ಅವರಪ್ಪ ಮೂರನೇ ದಿನ ಬಾಗಿಲ ಬಳಿ ನಿಂತು, ಒಳಗೆ ಬರದೆ ಕೇಳಿದರು: "ಮೇಡಂ, ಸ್ನಾನ ಮಾಡಿ ಬಂದೀನಿ, ಬಟ್ಟೆನೂ ಬೇರೆ. ಈಗ ಮುಟ್ಟಬಹುದಾ ಮಕ್ಕಳನ್ನ?"

ಬನ್ನಿ ಎಂದೆ.